ಕೋಟೆಯ ಏಜೆಂಟನೂ ಸಗರದ ಮೇಸ್ತ್ರಿಯೂ

ಶಹಾಪುರ
೩ ನವೆಂಬರ್ ೨೦೨೪

ಅಣ್ಣಾ,

ದೀಪಾವಳಿಯ ದಿನ ಫೋನಿನಲ್ಲಿ ನಾವಿಬ್ಬರೂ ಕೂಗಾಡಿದ್ದನ್ನು ನಮ್ಮೂರು ಸಗರದ ಅರ್ಧ ಓಣಿ ಕೇಳಿದೆ. ನೀನು ಹಬ್ಬಕ್ಕೆ ಬರಲಿಲ್ಲವೆಂದು ನಾನು ಶುರು ಮಾಡಿದೆ, ನೀನು ಬಿಡಲಿಲ್ಲ. ಕೊನೆಗೆ ಮಲ್ಲಿಕಮ್ಮ ವೈನಿ ನನ್ನ ಕೈಯಿಂದ ಫೋನು ಕಸಿದುಕೊಂಡು, "ನಿನ್ನ ಅಣ್ಣಗ ಏನ್ ಹೇಳೂದದ ಎಲ್ಲಾ ಪತ್ರದಾಗ ಬರಿ. ಪತ್ರದಾಗ ಒದರಾಕ ಬರಂಗಿಲ್ಲ" ಅಂದಳು. ನಿನ್ನ ಹೆಂಡತಿಯ ಮಾತು ಮೀರುವ ಧೈರ್ಯ ನಿನಗೂ ಇಲ್ಲ, ನನಗೂ ಇಲ್ಲ. ಪುಣೆಗೆ ಟ್ರಾವೆಲ್ಸ್ ಬಸ್ಸು ಓಡಿಸುವ ಅಬ್ದುಲ್ ಕರೀಮ ಚಾಚಾ ಲಕೋಟೆಯನ್ನು ನೀವು ಕಟ್ಟುತ್ತಿರುವ ಬಿಲ್ಡಿಂಗಿನ ಗೇಟಿಗೇ ಮುಟ್ಟಿಸುತ್ತಾರಂತೆ.

ಜೊತೆಗೆ ನನ್ನ ಪುಸ್ತಕದ ಮೊದಲ ಅಧ್ಯಾಯ ಇಟ್ಟಿದ್ದೇನೆ. ದಿನಪತ್ರಿಕೆ ಓದುವವರಿಗೆಲ್ಲ ತಿಳಿಯುವ ಹಾಗೆ ಬರೆಯಿರಿ ಎಂದು ಪ್ರಕಾಶಕರು ಹೇಳಿದ್ದಾರೆ. ನಮ್ಮ ಕಾಲೇಜಿನ ಮೇಷ್ಟ್ರುಗಳು ಪೇಪರಿನಲ್ಲಿ ಕ್ರಿಕೆಟ್ ಪುಟ ಬಿಟ್ಟು ಬೇರೆ ನೋಡುವುದಿಲ್ಲ. ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದುವವನು ನನಗೆ ಗೊತ್ತಿರುವ ಹಾಗೆ ನೀನೊಬ್ಬನೇ.

ವಿಷಯ ಇಷ್ಟು. ರಾಯಲ್ ಆಫ್ರಿಕನ್ ಕಂಪನಿ ಅಂತ ಒಂದಿತ್ತು. ೧೬೭೨ರಲ್ಲಿ ಇಂಗ್ಲೆಂಡಿನ ರಾಜ ಅದಕ್ಕೆ ಸನದು ಕೊಟ್ಟ. ರಾಜನ ತಮ್ಮನೇ ಅದರ ಮುಖ್ಯಸ್ಥ. ಆಫ್ರಿಕಾದ ಕಡಲಂಚಿನಲ್ಲಿ ಕೋಟೆಗಳನ್ನು ಇಟ್ಟುಕೊಂಡು, ಮನುಷ್ಯರನ್ನು ಕೊಂಡು, ಮೈಮೇಲೆ ಕಂಪನಿಯ ಗುರುತಿನ ಬರೆ ಎಳೆದು, ಹಡಗಿನಲ್ಲಿ ತುಂಬಿ, ಸಮುದ್ರದಾಚೆಯ ಕಬ್ಬಿನ ತೋಟಗಳಿಗೆ ಮಾರುವುದು ಅದರ ಕಸುಬು. ಲಕ್ಷಕ್ಕೂ ಮಿಕ್ಕಿ ಜನರನ್ನು ಹಾಗೆ ಸಾಗಿಸಿತು. ದಾರಿಯಲ್ಲೇ ಸತ್ತವರೂ ಬಹಳ. ಓದಿ, ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಗೆರೆ ಎಳೆ.

ನೀನು ಕೆಲಸಕ್ಕೆ ಕರೆದೊಯ್ದ ಮಂದಿ ಹೇಗಿದ್ದಾರೆ? ದೊಡ್ಡವ್ವನ ಮಗ ಭೀಮೇಶನಿಗೆ ಹೇಳು, ಕೊಂಕಲ್‌ಗೆ ಹೋಗಿ ಅವನ ಹೆಂಡತಿ ದುರ್ಗಾಳನ್ನು ನೋಡಿ ಬಂದೆ. ಆರನೆಯ ತಿಂಗಳು. ಹುಣಸೆಕಾಯಿ ಬಿಟ್ಟು ಬೇರೇನೂ ತಿನ್ನುತ್ತಿಲ್ಲ.

ನಿನ್ನ ತಂಗಿ
ಸುಮಲತಾ


ಪುಣೆ
೧೪ ನವೆಂಬರ್ ೨೦೨೪

ತಂಗಿ ಸುಮಲತಾ,

ಕಾಲೇಜಿನಲ್ಲಿ ಪಾಠ ಹೇಳುವವಳ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಪುಸ್ತಕ ಅಚ್ಚಾಗಿ ಬರುತ್ತದೆ ಅನ್ನುವುದೊಂದೇ ಸಮಾಧಾನ.

ಅಧ್ಯಾಯವನ್ನು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಓದುತ್ತಿದ್ದೆ. ನಾಗಣ್ಣ ಕಾಕಾ, ಅದೇ ನಮ್ಮ ಓಣಿಯವನು, ಗ್ಯಾಂಗಿಗೆಲ್ಲ ಹಿರಿಯ, "ಅದೇನೋ ಶಿವಶರಣ, ಹೊಸಾ ಬಿಲ್ಡಿಂಗಿನ ನಕ್ಷಾ ಏನು?" ಎಂದು ಕೇಳಿದ. ಅವನಿಗಾಗಿ ಜೋರಾಗಿ ಓದಿದೆ. ಎಲ್ಲರೂ ಸುತ್ತ ಕೂತು ಕೇಳಿದರು. ಬರೆಯ ಸುದ್ದಿ ಬಂದಾಗ ಯಾರೂ ರೊಟ್ಟಿ ಮುರಿಯಲಿಲ್ಲ. ಆಮೇಲೆ ಕಾಕಾ ಕೇಳಿದ, "ಮಂದೀನ ಕೊಳ್ಳಾಕ ಏನ್ ಕೊಟ್ರಂತ?" ಅದನ್ನು ನೀನು ಬರೆದಿಲ್ಲ. ಅದು ಮೊದಲನೆಯ ಗೆರೆ.

ಎರಡನೆಯದು ನನ್ನದು. ಅಷ್ಟು ಮಂದಿಯನ್ನು ಕೋಟೆಯ ಬಾಗಿಲಿಗೆ ತಂದವರು ಯಾರು? ಬಿಳಿಯರೇ ಊರೊಳಗೆ ಹೋಗಿ ಕೊಂಡು ತಂದರು ಅನ್ನುವ ಹಾಗೆ ಬರೆದಿದ್ದೀ. ನನಗೆ ನಂಬಿಕೆ ಬರಲಿಲ್ಲ. ಭಾಷೆ ಬಾರದವನ ಕೈಗೆ ಇಷ್ಟೊಂದು ಮಂದಿ ಸಿಗುವುದಿಲ್ಲ. ಮಂದಿ ಕೂಡಿಸುವುದು ನನ್ನ ಕಸುಬು, ಅದಕ್ಕೆ ಹೇಳುತ್ತೇನೆ. ನನಗಾದರೆ ಒಂದು ಕಟ್ಟು ಎಲೆ ಸಾಕು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಕೈಗೆ ಕೊಡುತ್ತೇನೆ. ಎಲೆ ಹಿಡಿದವನು ಕೆಲಸ ಮುಗಿಯುವತನಕ ಹೊಳ್ಳಿ ಊರಿಗೆ ಹೋಗುವುದಿಲ್ಲ. ಅಪ್ಪನ ಕಾಲದಿಂದಲೂ ಹಾಗೇ. ಬಾಂಡ್ ಪೇಪರೂ ಬೇಡ, ವಕೀಲನೂ ಬೇಡ. ನಿನ್ನ ಕಂಪನಿಯವರಿಗೆ ಅದನ್ನು ಯಾರು ಮಾಡಿಕೊಟ್ಟರು, ನೋಡು.

ಇಲ್ಲಿ ಎಲ್ಲ ಆರಾಮ. ಗೇಟ್‌ಪಾಸ್ ಮಾಡಿಸಬೇಕೆಂದು ಬಿಲ್ಡರನ ಆಫೀಸಿನವರು ಎಲ್ಲರ ಆಧಾರ್ ಕಾರ್ಡು ಕೇಳಿದ್ದರು. ನಾನೇ ಕೂಡಿಸಿ ಕೊಟ್ಟೆ. ಭೀಮೇಶ ದುರ್ಗಾಳ ಸುದ್ದಿ ಕೇಳಿ ದಿನವಿಡೀ ಇಟ್ಟಿಗೆಯ ಜೊತೆ ಮಾತಾಡಿಕೊಂಡು ನಗುತ್ತಿದ್ದ.

ಶಿವಶರಣ


ಶಹಾಪುರ
೨೪ ನವೆಂಬರ್ ೨೦೨೪

ಅಣ್ಣಾ,

ನಿನ್ನ ಎರಡೂ ಗೆರೆ ಸರಿ. ಎರಡನೆಯದಕ್ಕೆ ಒಂದು ಅಧ್ಯಾಯವೇ ಬೇಕು, ಮುಂದೆ ಕಳಿಸುತ್ತೇನೆ. ಕೊಳ್ಳಲು ಕೊಟ್ಟದ್ದರಲ್ಲಿ ಕಬ್ಬಿಣದ ಪಟ್ಟಿ, ತಾಮ್ರ ಎಲ್ಲ ಇತ್ತು. ಆದರೆ ಕಾಕಾನಿಗೆ ಇದನ್ನು ಓದಿ ಹೇಳು: ಹತ್ತಿಬಟ್ಟೆ ಹೋಗುತ್ತಿದ್ದುದು ನಮ್ಮ ದೇಶದಿಂದ. ಇಲ್ಲಿಂದ ಲಂಡನ್ನಿಗೆ, ಲಂಡನ್ನಿನಿಂದ ಆಫ್ರಿಕಾಕ್ಕೆ. ಇನ್ನೊಂದು, ಕವಡೆ. ಅವ್ವ ಎತ್ತಿನ ಕೊರಳಿಗೆ ಕಟ್ಟುತ್ತಿದ್ದಳಲ್ಲ, ಅದೇ ಕವಡೆ. ಮಾಲ್ಡೀವ್ಸ್ ದ್ವೀಪಗಳಿಂದ ಹೊರಟು ಅದು ಒಬ್ಬ ಮನುಷ್ಯನ ಬೆಲೆಯಾಗಿ ಮುಗಿಯುತ್ತಿತ್ತು. 

ಎರಡನೆಯ ಅಧ್ಯಾಯ ಕಳಿಸುತ್ತಿದ್ದೇನೆ. ಸಣ್ಣ ಸಣ್ಣ ಕೋಟೆಗಳಲ್ಲಿದ್ದ ಕಂಪನಿಯ ಏಜೆಂಟರು ದೊಡ್ಡ ಕೋಟೆಗೆ ಬರೆದ ಪತ್ರಗಳು ಇನ್ನೂ ಉಳಿದಿವೆ. ಅವುಗಳ ಮೇಲೆ ಬರೆದಿದ್ದೇನೆ. ರಾಕ್ಷಸರು ಸಿಗುತ್ತಾರೆ ಅಂದುಕೊಂಡು ಓದಲು ಕೂತೆ. ಸಿಕ್ಕವರು ಸುಸ್ತಾದ ಗುಮಾಸ್ತರು. ಮೈಯಲ್ಲಿ ಜ್ವರ, ಬಟ್ಟೆ ಇನ್ನೂ ಬಂದಿಲ್ಲ, ಬಂದದ್ದನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಇಷ್ಟು ಗಂಡಸರು ಇಷ್ಟು ಹೆಂಗಸರನ್ನು ದೋಣಿಯಲ್ಲಿ ಕಳುಹಿಸಿದ್ದೇನೆ, ಒಬ್ಬ ಕಡಿಮೆ, ಮುಂದಿನ ಸಲ ಸರಿಮಾಡುತ್ತೇನೆ. ಎಲ್ಲ ಇದೇ ಧಾಟಿ.

ಮುಖ್ಯವಾದ ಮಾತು. ಬಸುರಿ ದುರ್ಗಾಳಿಗೆ ಕುಬಸ ಮಾಡುವುದು ಡಿಸೆಂಬರ್ ಎಂಟಕ್ಕೆ, ಭಾನುವಾರ. ಬಳಿಚಕ್ರದಿಂದ ಅವಳ ತವರಿನವರು ಸೀರೆ, ಕುಬಸ ತರುತ್ತಾರೆ. ಚೊಚ್ಚಲು. ಭೀಮೇಶ ಎರಡು ದಿನದ ಮಟ್ಟಿಗಾದರೂ ಬಂದು ಅವಳ ಪಕ್ಕ ಕೂಡಬೇಕು. ಕಳಿಸು.

ಸುಮಲತಾ


ಪುಣೆ
೨ ಡಿಸೆಂಬರ್ ೨೦೨೪

ಸುಮಲತಾ,

ಭೀಮೇಶ ಬರುವುದಾಗುವುದಿಲ್ಲ. ಕೆಲಸ ಇನ್ನೂ ಅರ್ಧ ಉಳಿದಿದೆ. ಎಲೆ ಹಿಡಿದು ಬಂದವನು ಅವನು. ಇವತ್ತು ಅವನನ್ನು ಬಿಟ್ಟರೆ ನಾಳೆ ಎಲ್ಲರೂ ಹೊರಡುತ್ತಾರೆ, ನಾಡಿದ್ದು ನನ್ನ ಮಾತಿಗೆ ಕಿಮ್ಮತ್ತಿರುವುದಿಲ್ಲ. ಕುಬಸ ಹೆಂಗಸರ ಕಾರ್ಯ. ಮಾಡಿ ಮುಗಿಸಿರಿ.

ನಿನ್ನ ಎರಡನೆಯ ಅಧ್ಯಾಯ ಓದಿಲ್ಲ. ವೇಳೆ ಇಲ್ಲ.

ಶಿವಶರಣ


ಶಹಾಪುರ
೧೫ ಡಿಸೆಂಬರ್ ೨೦೨೪

ಅಣ್ಣಾ,

ಕುಬಸ ಆಯಿತು. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಹಸಿರು ಸೀರೆ ಉಟ್ಟು ದುರ್ಗಾ ಮಣೆಯ ಮೇಲೆ ಕೂತಳು. ಪಕ್ಕದ ಮಣೆ ಖಾಲಿ. ತವರಿನ ಕಡೆಯ ಯಾರೋ ಒಬ್ಬಳು, "ಗಂಡನ ಫೋಟೋನರ ಇಡ್ರಿ" ಅಂದಳು. ವೈನಿ ಬೆಂಕಿಯಾದಳು. "ಫೋಟೋ ಇಡಾಕ ಅವನಿಗೇನಾಗ್ಯಾದ? ಗಟ್ಟಿಮುಟ್ಟ ಅದಾನ!" ಕೊನೆಗೆ ಭೀಮೇಶನ ಒಂದು ಹಳೆಯ ಟವೆಲ್ಲು ಮಡಿಸಿ ಮಣೆಯ ಮೇಲಿಟ್ಟರು. ಹಾಡು ಹೇಳುವಾಗಲೆಲ್ಲ ದುರ್ಗಾ ಆ ಟವೆಲ್ಲನ್ನೇ ನೋಡುತ್ತಿದ್ದಳು. ಹೆಂಗಸರ ಕಾರ್ಯ ಅಂದೆಯಲ್ಲ, ಹೆಂಗಸರೆಲ್ಲ ಸೇರಿ ಒಂದು ಟವೆಲ್ಲಿಗೆ ಆರತಿ ಮಾಡಿದೆವು.

ಮೂರನೆಯ ಅಧ್ಯಾಯ ಇದರ ಜೊತೆಗಿದೆ. ಮಂದಿಯನ್ನು ಕೋಟೆಗೆ ತಂದವರು ಯಾರು ಎಂದು ನೀನೇ ಕೇಳಿದ್ದೆ. ಆ ನೆಲದ ದೊರೆಗಳು, ವ್ಯಾಪಾರಿಗಳು, ದಲ್ಲಾಳಿಗಳು. ಕಂಪನಿಯವರು ಅವರಿಗೆ ಕಾಣಿಕೆ ಕೊಟ್ಟು, ಹೆಗಲ ಮೇಲೆ ಕೈ ಹಾಕಿ ಕೆಲಸ ಮಾಡಿಸಿಕೊಂಡರು. ನಾನು ಹೀಗೆ ಬರೆದಿದ್ದೇನೆ: "ದಲ್ಲಾಳಿ ತನ್ನನ್ನು ಕಂಪನಿಯ ಆಳು ಅಂದುಕೊಳ್ಳಲಿಲ್ಲ. ತನ್ನನ್ನು ಯಜಮಾನ ಅಂದುಕೊಂಡಿದ್ದ. ಕಂಪನಿಗೆ ಬೇಕಾಗಿದ್ದುದೂ ಅದೇ."

ಅವರು ಮಾರಿದ್ದು ಬಹಳ ಸಲ ಬೇರೆ ಕುಲದವರನ್ನು, ಯುದ್ಧದಲ್ಲಿ ಸೆರೆ ಸಿಕ್ಕವರನ್ನು. ನಮ್ಮವರಲ್ಲವಲ್ಲ ಅನ್ನುವ ಸಮಾಧಾನವಾದರೂ ಅವರಿಗಿತ್ತು. ನಿನಗೆ ಅದೂ ಇಲ್ಲ.

ಸುಮಲತಾ


ಶಹಾಪುರ
೨೬ ಜನವರಿ ೨೦೨೫

ಅಣ್ಣಾ,

ಬೆಳಿಗ್ಗೆ ಕಾಲೇಜಿನಲ್ಲಿ ಧ್ವಜ ಏರಿಸಿ ಬಂದು ಬರೆಯುತ್ತಿದ್ದೇನೆ. ಸಂಕ್ರಾಂತಿ ಹೋಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ವೈನಿಗೆ ಫೋನು ಮಾಡಿದಾಗ ಎಲ್ಲ ಆರಾಮ ಅನ್ನುತ್ತೀಯಂತೆ. ಭೀಮೇಶನೂ ದುರ್ಗಾಳಿಗೆ ಅದನ್ನೇ ಹೇಳುತ್ತಾನಂತೆ. ಇಬ್ಬರೂ ಒಂದೇ ಶಬ್ದ ಹೇಳುತ್ತಿರುವುದರಿಂದ ನನಗೆ ಹೆದರಿಕೆ. ಅಬ್ದುಲ್ ಕರೀಮ ಚಾಚಾ ಇನ್ನೊಂದು ಹೇಳಿದರು. ಹೋದ ಸಲ ನಿನ್ನನ್ನು ಹೊರಗೆ ಕರೆಯಲು ವಾಚ್‌ಮನ್ ಒಪ್ಪಲಿಲ್ಲ, ಲಕೋಟೆ ಇಸಿದುಕೊಂಡು ಗೇಟು ಹಾಕಿದನಂತೆ.

ನಿನಗೆ ಸಿಟ್ಟು ಬಂದಿದೆ ಎಂದು ಗೊತ್ತು. ಆ ಕೊನೆಯ ಮಾತು ನಾನು ಬರೆಯಬಾರದಿತ್ತು. ಅಲ್ಲಿ ಮನುಷ್ಯರನ್ನು ಕಬ್ಬಿಣ ತೊಡಿಸಿ ಸಾಗಿಸಿದರು, ಅವರ ಮಕ್ಕಳನ್ನೂ ಮಾರಿದರು. ಅದನ್ನು ತಂದು ನಿನ್ನ ಕೆಲಸದ ಪಕ್ಕ ಇಟ್ಟದ್ದು ನಿನಗೂ ಅನ್ಯಾಯ, ಅವರಿಗೂ ಅನ್ಯಾಯ. ಆ ಟವೆಲ್ಲು ನೋಡಿದ ಸಿಟ್ಟಿನಲ್ಲಿ ಬರೆದೆ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ನೀನು. ಓದಿದ್ದನ್ನು ನಿನ್ನ ಮೇಲೇ ಎತ್ತಿದೆ ಅನ್ನಿಸಿ ಸಂಕಟವಾಗುತ್ತಿದೆ.

ಬೈದಾದರೂ ಬರಿ. ದುರ್ಗಾ ಬಳಿಚಕ್ರಕ್ಕೆ ತವರಿಗೆ ಹೋಗಿದ್ದಾಳೆ. ದಿನ ತುಂಬುತ್ತಾ ಬಂತು. ಹೆರಿಗೆಗಾದರೂ ಭೀಮೇಶ ಬರುತ್ತಾನಾ, ಇಲ್ಲವಾ? ಅವಳು ನನ್ನನ್ನು ಕೇಳುತ್ತಾಳೆ. ನಾನು ಯಾರನ್ನು ಕೇಳಲಿ?

ಸುಮಲತಾ


ಪುಣೆ
೯ ಫೆಬ್ರುವರಿ ೨೦೨೫

ತಂಗಿ,

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲೂ ಮೈಯಲ್ಲಿ ಕಸುವು ಬೇಕು.

ನಿನಗೆ ಹೇಳದಿದ್ದುದನ್ನು ಈಗ ಹೇಳುತ್ತೇನೆ. ಗೇಟ್‌ಪಾಸಿಗೆಂದು ಇಸಿದುಕೊಂಡ ಕಾರ್ಡುಗಳನ್ನು ಆಫೀಸಿನವರು ಹೊಳ್ಳಿ ಕೊಡಲೇ ಇಲ್ಲ. ಮೇಲಿನ ಅಂತಸ್ತಿನ ಸ್ಲ್ಯಾಬ್ ಮುಗಿಯುವತನಕ ಯಾರನ್ನೂ ಹೊರಗೆ ಬಿಡುವುದಿಲ್ಲ ಅಂದರು. ಇದು ನವೆಂಬರ್ ಕೊನೆಯ ಮಾತು. ನಾನು ಮಂದಿಗೆ ಹೇಳಲಿಲ್ಲ. ನನ್ನ ಮುಖ ನೋಡಿ ಕಾರ್ಡು ಕೊಟ್ಟವರು ಅವರು. ಯಾಕ, ಏನು ಎಂದು ಒಬ್ಬನೂ ಕೇಳಿರಲಿಲ್ಲ. ಮೇಸ್ತ್ರಿಗೇ ಆಫೀಸಿನಲ್ಲಿ ನಡೆಯುವುದಿಲ್ಲ ಅಂತ ಹೇಗೆ ಹೇಳಲಿ? ಭೀಮೇಶ ಕುಬಸಕ್ಕೆ ರಜೆ ಕೇಳಿದಾಗ, "ಎಲಿ ಹಿಡದ ಬಂದೀಯಲ್ಲೋ" ಅಂದೆ. ಕಾರ್ಡಿನ ಸುದ್ದಿ ಹೇಳುವುದಕ್ಕಿಂತ ಅದು ಹಗುರವಾಗಿತ್ತು. ಅವನು ತಲೆ ತಗ್ಗಿಸಿ ಹೋದ. ಆವತ್ತಿನಿಂದ ನನ್ನ ಜೊತೆ ಊಟಕ್ಕೆ ಕೂಡಲಿಲ್ಲ.

ನಿನ್ನ ಡಿಸೆಂಬರಿನ ಲಕೋಟೆ ವಾಚ್‌ಮನ್‌ನ ಖೋಲಿಯಲ್ಲಿ ಬಿದ್ದಿತ್ತು. ಸಂಕ್ರಾಂತಿಯ ಹೊತ್ತಿಗೆ ಕೈಗೆ ಬಂತು. ಎರಡನೆಯ ಅಧ್ಯಾಯವನ್ನೂ ಮೂರನೆಯದನ್ನೂ ಒಟ್ಟಿಗೆ ಓದಿದೆ. ದಲ್ಲಾಳಿಯ ಅಧ್ಯಾಯ ನನಗೆ ಚುಚ್ಚುತ್ತದೆ ಅಂದುಕೊಂಡಿದ್ದೆಯಲ್ಲ, ಚುಚ್ಚಿತು. ಆದರೆ ನನ್ನನ್ನು ಕೆಡವಿದ್ದು ಅದಲ್ಲ. ಆ ಏಜೆಂಟನ ಪತ್ರ. ಇಷ್ಟು ಮಂದಿ ಕಳುಹಿಸಿದ್ದೇನೆ, ಒಬ್ಬ ಕಡಿಮೆ, ಮುಂದಿನ ಸಲ ಸರಿಮಾಡುತ್ತೇನೆ. ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಫೋನು ತೆಗೆದು ನಾನೇ ಆಫೀಸಿಗೆ ಹಾಕಿದ ಮೆಸೇಜು ನೋಡಿದೆ. "ಸರ್, ಇವತ್ತು ಇಪ್ಪತ್ತೊಂದು ಮಂದಿ. ಒಬ್ಬನಿಗೆ ಜ್ವರ. ನಾಳೆ ಬದಲಿ ಹಾಕ್ತೀನಿ." ಆ ಒಬ್ಬ ನಾಗಣ್ಣ ಕಾಕಾ. ಅಪ್ಪನ ಜೊತೆ ಜೋಳ ಕೊಯ್ದವನು, ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ತಿರುಗಿದವನು. ಅವನ ಹೆಸರು ಬರೆದಿರಲಿಲ್ಲ. ಬರೆಯಬೇಕು ಎಂದು ಹೊಳೆದೂ ಇರಲಿಲ್ಲ.

ಆ ಕೋಟೆಯವನು ಎಂಥವನೋ ನನಗೆ ಗೊತ್ತಿಲ್ಲ. ಪತ್ರದಲ್ಲಿ ಮಾತ್ರ ದಣಿದಿದ್ದಾನೆ. ನಾನೂ ದಣಿದಿದ್ದೇನೆ ಸುಮಾ. ದಣಿದವನಿಗೆ ತನ್ನ ದಣಿವು ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೋದ ಭಾನುವಾರ ವಾಚ್‌ಮನ್‌ನ ಕೈಯಿಂದ ಒಂದು ಕಟ್ಟು ಎಲೆ ತರಿಸಿದೆ. ತಗಡಿನ ಶೆಡ್ಡಿನ ಮುಂದೆ ಎಲ್ಲರನ್ನೂ ಕೂಡಿಸಿ, ಒಬ್ಬೊಬ್ಬರ ಕೈಗೂ ಎಲೆ ಕೊಟ್ಟು, "ಹನುಮಪ್ಪನ ಕಟ್ಟಿ ಮ್ಯಾಲ ನಾ ಕೊಟ್ಟ ಎಲಿ ಇದು ಅಂತ ತಿಳೀರಿ. ಹೊಳ್ಳಿ ನನ್ನ ಕೈಯಾಗ ಹಾಕ್ರಿ" ಅಂದೆ. ಎಲೆಯ ಋಣ ಬಿಡಿಸಿ ದೊಡ್ಡ ಕೆಲಸ ಮಾಡುತ್ತಿದ್ದೇನೆ ಅಂತ ನನ್ನ ಎದೆ ಉಬ್ಬಿತ್ತು. ಅವರು ಎಲೆ ಹಿಡಿದುಕೊಂಡೇ ಮುಖ ಮುಖ ನೋಡಿಕೊಂಡರು. ಕಾಕಾ ಮೆಲ್ಲಗೆ ಎದ್ದು ನಿಂತ.

"ಗೊತ್ತಾದ ಲಗ್ನ ಮುರದಾಗ ಎಲಿ ಹೊಳ್ಳಿಸ್ತಾರಪಾ. ನಮ್ಮ ಕಡಿಂದ ಏನ್ ತಪ್ಪಾಗ್ಯಾದ?"

ಭೀಮೇಶನ ಕಣ್ಣಲ್ಲಿ ನೀರು. "ಅಣ್ಣಾ, ನಿನ್ನ ಕೂಡ ಉಣ್ಣಾಕ ಕೂಡಲಿಲ್ಲಂತ ನನ್ನ ತಗದ ಹಾಕ್ತಿಯೇನು? ನನಗ ಈಗ ಕೂಸ ಹುಟ್ಟತದ. ಎಲ್ಲಿ ಹೋಗಲಿ?"

ಬಿಡುಗಡೆ ಮಾಡಲು ಹೋದವನನ್ನು ಕೆಲಸದಿಂದ ತೆಗೆಯುವವನು ಎಂದು ತಿಳಿದರು. ಆಗ ಬೇರೆ ದಾರಿ ಇರಲಿಲ್ಲ, ಕಾರ್ಡಿನ ಸುದ್ದಿ ಪೂರ್ತಿ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಕಾಕಾ, "ಇಷ್ಟ ಹೇಳಾಕ ಎಲಿ ಯಾಕ ಬೇಕಾಗಿತ್ತೋ? ಬಾಯಿ ಸಾಕಾಗಿತ್ತಲ್ಲ" ಅಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೋಗಬೇಕು ಅನ್ನುವವರು ಹೋಗ್ರಿ, ಕಾರ್ಡು ಕೊಡಿಸುತ್ತೇನೆ ಅಂದೆ. ಎದ್ದವನು ಭೀಮೇಶ ಒಬ್ಬನೇ. ಉಳಿದವರು, "ಹೋಗಿ ಏನ್ ಮಾಡೂಣು, ಮೇಸ್ತ್ರಿ? ಕೆಲಸರ ಮುಗೀಲಿ" ಅಂದರು. ಇದನ್ನು ನಿನ್ನ ಪುಸ್ತಕದಲ್ಲಿ ಯಾವ ಅಧ್ಯಾಯಕ್ಕೆ ಸೇರಿಸುತ್ತೀಯೋ ಸೇರಿಸು.

ಆಫೀಸಿನವನು ಒಂದು ಮಾತಿಗೆ ಒಪ್ಪಿದ. ಒಂದು ಕಾರ್ಡು ಹೊರಗೆ ಹೋದರೆ ಒಂದು ಒಳಗೆ ಬರಬೇಕು. ಮೇಸ್ತ್ರಿ ಅಂತ ನನ್ನದನ್ನು ಮಾತ್ರ ಅವರು ಇಸಿದುಕೊಂಡಿರಲಿಲ್ಲ. ಅದನ್ನು ಕೊಟ್ಟು ಭೀಮೇಶನದನ್ನು ಬಿಡಿಸಿದೆ. ಇವತ್ತು ಅವನನ್ನು ಅಬ್ದುಲ್ ಕರೀಮ ಚಾಚಾನ ಬಸ್ಸಿಗೆ ಹತ್ತಿಸಲು ಗೇಟಿನತನಕ ಹೋಗುತ್ತೇನೆ. ಈ ಪತ್ರ ಭೀಮೇಶನ ಕೈಯಲ್ಲೇ ಬರುತ್ತದೆ.

ನಾನು ಯಾವಾಗ ಬರುತ್ತೇನೋ ಗೊತ್ತಿಲ್ಲ. ಮಲ್ಲಿಕಮ್ಮನಿಗೆ ಹೇಳಬೇಡ. ಆ ದಲ್ಲಾಳಿಯ ಸಾಲು ಪುಸ್ತಕದಿಂದ ತೆಗೆಯಬೇಡ. ಒಂದೇ ಒಂದು ತಿಳಿಸು. ನಿನ್ನ ಆ ಕಂಪನಿಗೆ ಕೊನೆಗೆ ಏನಾಯಿತು? ಯಾರಾದರೂ ಜೈಲಿಗೆ ಹೋದರಾ?

ಶಿವಶರಣ


ಶಹಾಪುರ
೨ ಮಾರ್ಚ್ ೨೦೨೫

ಅಣ್ಣಾ,

ಯಾರೂ ಹೋಗಲಿಲ್ಲ. ಬೇರೆ ವ್ಯಾಪಾರಿಗಳಿಗೆ ದಾರಿ ಬಿಡಬೇಕಾಯಿತು, ನಷ್ಟವಾಯಿತು, ೧೭೫೨ರಲ್ಲಿ ಬಾಗಿಲು ಹಾಕಿತು. ಕೋಟೆಗಳನ್ನು ಇನ್ನೊಬ್ಬರು ವಹಿಸಿಕೊಂಡರು. ಮನುಷ್ಯರ ವ್ಯಾಪಾರ ಅದರ ನಂತರವೂ ಎಷ್ಟೋ ವರ್ಷ ನಡೆಯಿತು. ಇದೇ ಕೊನೆಯ ಅಧ್ಯಾಯ. ಬರೆದು ಮುಗಿಸಿದ ದಿನ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಸುಸ್ತಾಗಿ ಹಾಗೇ ಮಲಗಿದೆ.

ಇನ್ನು ನಮ್ಮ ಸುದ್ದಿ. ಭೀಮೇಶ ಬಳಿಚಕ್ರ ಮುಟ್ಟಿದ ವಾರಕ್ಕೆ ದುರ್ಗಾ ಹೆತ್ತಳು. ಹೆಣ್ಣು ಕೂಸು. ಗಟ್ಟಿ ದನಿ, ನನ್ನ ಹಾಗೆ ಅನ್ನುತ್ತಾಳೆ ವೈನಿ. ನೀನು ಕೊಟ್ಟ ಎಲೆಯನ್ನು ಅವನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಬಂದಿ‌ದ್ದ. ಒಣಗಿ ಕರ್ರಗಾಗಿತ್ತು. "ಅಣ್ಣ ಹೊಳ್ಳಿ ಕೇಳಿದಾ, ನಾ ಕೊಡಲಿಲ್ಲ" ಅಂದ. ದುರ್ಗಾ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. "ಇದನ್ನ ಹಿಡಕೊಂಡ ನೀ ಹೋಗಿದ್ದೀ?" ಅಂದವಳೇ ಕೂಸಿಗೆ ಎರೆಯುವ ನೀರು ಕಾಯುತ್ತಿದ್ದ ಒಲೆಗೆ ಹಾಕಿದಳು. 

ಮಲ್ಲಿಕಮ್ಮ ವೈನಿಗೆ ಹೇಳಬೇಡ ಅಂದಿದ್ದೆ. ಹೇಳಿದೆ. ಅಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ, "ಕರೀಮಣ್ಣನ ಬಸ್ ಎಷ್ಟಕ್ಕ ಬಿಡತದ?"

ಕಾರ್ಡು ಬಿಡಿಸಿಕೊಡಿ ಎಂದು ನಾನು ಸರ್ಕಾರದ ಲೇಬರ್ ಆಫೀಸಿಗೆ ಅರ್ಜಿ ಬರೆದಿದ್ದೇನೆ. ಭೀಮೇಶ ಪಕ್ಕದಲ್ಲಿ ಕೂತು ಹೇಳಿದ, ನಾನು ಬರೆದೆ. ನಾಗಣ್ಣ ಕಾಕಾನಿಂದ ಹಿಡಿದು ಎಲ್ಲರ ಹೆಸರು, ಊರು, ತಂದೆಯ ಹೆಸರು ಇದೆ. ಕೊನೆಯ ಹೆಸರು ನಿನ್ನದು. ನೀನು ಅವರಲ್ಲಿ ಒಬ್ಬ ಅಂತಲೇ ಬರೆದಿದ್ದೇನೆ, ಮೇಸ್ತ್ರಿ ಅಂತ ಅಲ್ಲ. ಬೇಜಾರು ಮಾಡಿಕೊಳ್ಳಬೇಡ.

ಇದರಿಂದ ಏನಾಗುತ್ತದೋ ಗೊತ್ತಿಲ್ಲ. ಕಾರ್ಡು ಬರಬಹುದು, ಬರದೆಯೂ ಇರಬಹುದು. ಆದರೆ ಬರುವ ಭಾನುವಾರ ನಾನೂ ವೈನಿಯೂ ಪುಣೆಗೆ ಬರುತ್ತೇವೆ. ಭೀಮೇಶನೂ ಬರುತ್ತೇನೆ ಅಂದ, ದುರ್ಗಾ ಬಿಡಲಿಲ್ಲ. ಇಷ್ಟು ವರ್ಷ ಫೋನಿನಲ್ಲಿ ನಿನ್ನ ಜೊತೆ ಕೂಗಾಡಿದ್ದೆಲ್ಲ ಅಭ್ಯಾಸ ಅಂದುಕೋ. ಆಫೀಸಿನವನು ಇನ್ನೂ ನನ್ನ ದನಿ ಕೇಳಿಲ್ಲ. ವೈನಿಯದಂತೂ ಕೇಳಿಯೇ ಇಲ್ಲ.

ನಿಮ್ಮನ್ನು ಹೊರಗೆ ಬಿಡದಿದ್ದರೆ ಚಿಂತೆಯಿಲ್ಲ. ಎಲ್ಲರನ್ನೂ ಕರೆದುಕೊಂಡು ಗೇಟಿನ ಒಳಗೆ ನಿಂತಿರು. ಹೊರಗೆ ನಾವು ನಿಂತಿರುತ್ತೇವೆ.

ಸುಮಾ